ಬಾಯಿಬಡುಕಿ ಅಂದದ್ದು ಯಾರಿಗೆ?

"ಯಾರದು?"

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದವನು ತಲೆಯೆತ್ತಿ ಕೇಳಿದ. ಕಣ್ಣಿಗೆ ಔಷಧಿಯ ಹನಿ ಹಾಕಿದ್ದರು. ಎದುರು ನಿಂತವಳ ಮುಖ ಅವನಿಗೆ ಬರೀ ಮಬ್ಬು.

ಅವಳಿಗೆ ಗುರುತು ಸಿಕ್ಕಿತು. ಅವನೇ!

ಸಂಶೋಧನೆಗೆ ರೋಗಿಗಳ ರಕ್ತದ ಮಾದರಿ ಒಯ್ಯಲು ಎಷ್ಟೋ ವರ್ಷಗಳ ಮೇಲೆ ಈ ಊರಿಗೆ ಬಂದಿದ್ದಳು, ಕೈಯಲ್ಲಿ ಐಸಿನ ಡಬ್ಬಿ. 'ಒಂದು ಮಾತಾಡಿದರೆ ಗುರುತು ಹಿಡಿಯುತ್ತಾನೆ. ಸುಮ್ಮನೆ ಹೋದರೆ... ಮತ್ತೆ ಸಿಗುವುದಿಲ್ಲ.'

ಒಂದು ಕಾಲಕ್ಕೆ ಇಬ್ಬರದೂ ಒಂದೇ ಪ್ರಯೋಗಾಲಯ, ಒಂದೇ ಮೇಜು. ಸಕ್ಕರೆ ಕಾಯಿಲೆ ಕಣ್ಣನ್ನು ಹೇಗೆ ಕೆಡಿಸುತ್ತದೆ ಎಂದು ಹುಡುಕುವುದೇ ಕೆಲಸ. ಸಕ್ಕರೆ ಏರಿ ಸಣ್ಣ ರಕ್ತನಾಳಗಳು ಹಾಳಾದಾಗ, ಆಮ್ಲಜನಕ ಸಿಗದ ಅಕ್ಷಿಪಟಲ ಒಂದು ಪ್ರೋಟೀನನ್ನು ಹೊರಬಿಡುತ್ತದೆ. 'ರಕ್ತ ಬೇಕು, ರಕ್ತ ಬೇಕು' ಎಂದು ಅದರದ್ದು ಒಂದೇ ಗೋಳು. ಅದಕ್ಕೆ ಓಗೊಟ್ಟು ಹೊಸ ನಾಳಗಳು ಬೆಳೆಯುತ್ತವೆ. ಆದರೆ ಅವು ಗಟ್ಟಿಯಿಲ್ಲ. ಸೋರಿ, ಒಡೆದು, ದೃಷ್ಟಿಯನ್ನೇ ಕಳೆಯುತ್ತವೆ.

ಆ ಪ್ರೋಟೀನಿಗೆ ಅವನಿಟ್ಟ ಹೆಸರು 'ಬಾಯಿಬಡುಕಿ'. ಅರಳು ಹುರಿದಂತೆ ಮಾತಾಡುವ ಅವಳನ್ನೂ ಹಾಗೇ ಕರೆಯುತ್ತಿದ್ದ. ಅವಳು ಮೇಲೆ ಮುನಿಸು ತೋರಿಸಿ ಒಳಗೊಳಗೇ ಹಿಗ್ಗುತ್ತಿದ್ದಳು. ಎಂಥ ದಿನಗಳವು...

ಒಂದು ಸಂಜೆ ಬಾಗಿಲಾಚೆ ಅವನ ಫೋನ್ ಮಾತು ಕಿವಿಗೆ ಬಿತ್ತು.

"ಈ ಬಾಯಿಬಡುಕಿ ಕಾಟ ಸಾಕಾಗಿದೆ. ಹೇಗಾದ್ರೂ ಬಾಯಿ ಮುಚ್ಚಿಸ್ಬೇಕು."

ಅವಳು ಬಾಯಿ ಮುಚ್ಚಿದಳು. ಬೇರೆ ಊರಿನಲ್ಲಿ ಕೆಲಸ ಹಿಡಿದು, ಹೇಳದೆ ಕೇಳದೆ ಹೊರಟುಹೋದಳು. ಆಮೇಲೆ ಯಾರೊಂದಿಗೂ ಮನಸ್ಸು ಕೂಡಲಿಲ್ಲ.

ಈಗ ನರ್ಸಮ್ಮ ಬಂದು ಅವನ ಭುಜ ಮುಟ್ಟಿದರು. "ಬನ್ನಿ ಸರ್, ಇಂಜೆಕ್ಷನ್. ನೀವು ನಮ್ಮ ಹಳೇ ಗಿರಾಕಿ ಅಲ್ವಾ?"

"ಹೌದಮ್ಮ. ಪ್ರಯೋಗಾಲಯದಲ್ಲಿದ್ದಾಗ್ಲೇ ನನ್ನ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕಣ್ಣೊಳಗಿನ ಬಾಯಿಬಡುಕಿ ಬಾಯಿ ಮುಚ್ಚಿಸಿ ಅಂತ ನಿಮ್ಮ ಡಾಕ್ಟ್ರಿಗೆ ಫೋನಲ್ಲಿ ಗೋಗರೆದಿದ್ದೆ." ಅವನ ನಗು ಅರ್ಧಕ್ಕೇ ನಿಂತಿತು. "ಇನ್ನೊಬ್ಳು ಬಾಯಿಬಡುಕಿ ಇದ್ಲು. ನನ್ನ ಕಣ್ಣಿನ ವಿಷಯ ಅವಳಿಗೂ ಹೇಳೋಣ ಅಂದ್ಕೊಳ್ಳೋಷ್ಟ್ರಲ್ಲಿ ಹೊರಟೇ ಹೋದ್ಲು."

ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. ಅಯ್ಯೋ... ಕಣ್ಣಿನ ರೋಗವನ್ನೇ ಓದಿದವಳು, ಪಕ್ಕದಲ್ಲಿದ್ದ ಕಣ್ಣನ್ನು ನೋಡಲೇ ಇಲ್ಲವಲ್ಲ!

"ಆವತ್ತು... ಅದು ನನಗೇ ಅಂದಿದ್ದು ಅಂದ್ಕೊಂಡೆ ಕಣೋ."

ಅವನು ದಡಕ್ಕನೆ ಎದ್ದ. ದನಿ ಬಂದ ಕಡೆಗೆ ಕೈ ಚಾಚಿದ.

"ಪೆದ್ದಿ... ನಿನ್ನ ಮಾತಿಲ್ದೆ ನನ್ನ ಮನೆ ಹೇಗಿದೆ ಗೊತ್ತಾ? ಇನ್ಯಾರನ್ನೂ ಕರ್ಕೊಂಡು ಬರೋಕೆ ಮನಸ್ಸೇ ಆಗ್ಲಿಲ್ಲ."

ಅವಳು ಆ ಕೈ ಹಿಡಿದಳು. "ನಾನು ಕಾಣ್ತಿದ್ದೀನಾ?"

"ಮಬ್ಬು ಮಬ್ಬಾಗಿ. ನೀನು ಮಾತಾಡ್ತಾ ಇರು, ಸಾಕು."

ಮಾತಾಡಿದಳು. ಅಳುತ್ತಾ, ನಗುತ್ತಾ, ಇಂಜೆಕ್ಷನ್ ಕೋಣೆಯ ಬಾಗಿಲವರೆಗೂ ಮಾತಾಡಿದಳು.

"ಮೇಡಂ, ಇಲ್ಲಿಂದಾಚೆ ಮಾತಾಡೋ ಹಾಗಿಲ್ಲ," ಎಂದರು ನರ್ಸಮ್ಮ.

ಅವನು ಬೆರಳು ಬಿಡಲಿಲ್ಲ.

"ಕಣ್ಣೊಳಗಿರೋಳ ಬಾಯಿ ಮುಚ್ಚಿಸಿ ಸಿಸ್ಟರ್. ಇವಳದ್ದು ಬೇಡ."