ದಾರಿಯುದ್ದಕ್ಕೂ ಹಾಡಿದ ರೇಡಿಯೋ

ಠಾಣೆಯ ಡೈರಿಯಲ್ಲಿ ಬರೆದದ್ದೆಲ್ಲ ನಡೆದಿರಬೇಕೆಂದಿಲ್ಲ. ನಡೆದದ್ದೆಲ್ಲ ಡೈರಿಗೆ ಹತ್ತುವುದೂ ಇಲ್ಲ. ಇದು ನಡೆದದ್ದು. ಡೈರಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ನಿಜ.

1959ನೇ ಇಸವಿ ಫೆಬ್ರವರಿ 16, ಸೋಮವಾರ, ಬೆಳಿಗ್ಗೆ 9 ಗಂಟೆ 10 ನಿಮಿಷ. ಯಲಹಂಕದಾಚೆ, ಪುಟ್ಟೇನಹಳ್ಳಿ ಕೆರೆಗೆ ಬೆನ್ನು ಹಾಕಿ ಕೂತಿದ್ದ ಕೋಡಿ ಠಾಣೆಗೆ ಆನಂದಪ್ಪ ಬೆವರು ಒರೆಸಿಕೊಳ್ಳುತ್ತ ಬಂದರು. ದ್ರಾಕ್ಷಿ ತೋಟದ ಯಜಮಾನರು. ಊರಿನಲ್ಲಿ ರೇಡಿಯೋ ಇದ್ದ ಒಬ್ಬರೇ ಒಬ್ಬರು. ಆ 'ಇದ್ದ' ಎನ್ನುವುದೇ ಅವರ ದೂರು. ಭಾನುವಾರ ಸಂಜೆ ವಾರ್ತೆ ಕೇಳಿದ್ದು ನೆನಪಿದೆ, ಬೆಳಿಗ್ಗೆ ಎದ್ದು ನೋಡಿದರೆ ನಡುಮನೆಯ ಗೂಡು ಬರಿದು.

ಇನ್‌ಸ್ಪೆಕ್ಟರ್ ಬೈರಣ್ಣ ಎಫ್‌ಐಆರ್ ತಾವೇ ಬರೆದರು. ಹನ್ನೊಂದು ಗಂಟೆಗೆ ಅವರು ಪೇಟೆಗೆ ಬಂದೋಬಸ್ತಿಗೆ ಹೊರಡಬೇಕಿತ್ತು, ವಾಪಸು ಬರುವುದು ಗುರುವಾರವೇ. ಪಂಚನಾಮೆ ಮಾಡಿ, ಮನೆಯವರ ಹೇಳಿಕೆ ತೆಗೆದುಕೊಳ್ಳಿ, ತಾನು ಬರುವ ತನಕ ಯಾರನ್ನೂ ಹಿಡಿದು ತರಬೇಡಿ ಎಂದು ಹೆಡ್ ಕಾನ್‌ಸ್ಟೆಬಲ್ ಲಕ್ಕಣ್ಣನಿಗೆ ಹೇಳಿ ಜೀಪು ಹತ್ತಿದರು. ಜೀಪು ತಿರುವು ದಾಟುವ ಮೊದಲೇ ಲಕ್ಕಣ್ಣ ಅದೇ ಮಾತನ್ನು, ಅದೇ ಗಂಟಲಿನಲ್ಲಿ, ನಡುವೆ ಬೈರಣ್ಣನವರ ಕೆಮ್ಮನ್ನೂ ಬಿಡದೆ ಒಪ್ಪಿಸಿದ. ಕಾನ್‌ಸ್ಟೆಬಲ್‌ಗಳು ಬೆಂಚು ಹಿಡಿದುಕೊಂಡು ನಕ್ಕರು.

ಲಕ್ಕಣ್ಣ ಹಿರಿಯೂರು ಕಡೆಯವನು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಜೇಬಿಗೆ ಹಾಕಿಕೊಳ್ಳುತ್ತಿದ್ದ. ಬ್ಯಾರಕ್ಕಿನಲ್ಲಿ ಊಟಕ್ಕೆ ಕೂತಾಗ ಊರಲ್ಲಿರುವ ಹೆಂಡತಿಯ ದನಿಯಲ್ಲಿ "ಇನ್ನೊಂಚೂರ್ ಹಾಕ್ಲೇನ್ರೀ?" ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದ. ಆಮೇಲೆ ತನ್ನದೇ ದನಿಯಲ್ಲಿ "ಸಾಕು ಬಿಡೇ" ಎನ್ನುತ್ತಿದ್ದ. ಐದು ವರ್ಷದಿಂದ ದಿನಾ ಇದೇ ಆಟ. ಉಳಿದವರಿಗೆ ತುತ್ತು ನೆತ್ತಿಗೇರುವಷ್ಟು ನಗು.

ಮಧ್ಯಾಹ್ನ 12ಕ್ಕೆ ಪಂಚನಾಮೆ. ಬರೆದವನು ಕಾನ್‌ಸ್ಟೆಬಲ್ ಮುಕ್ತಾರ್. ಅವನ ಭಾವ ಪೇಟೆಯ ಕಡೆ ರೇಡಿಯೋ ರಿಪೇರಿ ಮಾಡುತ್ತಿದ್ದವನು, ಹಾಗಾಗಿ ಇವನ ಕಣ್ಣು ಎಲ್ಲರ ಕಣ್ಣು ಹೋಗದ ಕಡೆ ಹೋಯಿತು. ಬಾಗಿಲ ಚಿಲಕ ಸರಿಯಾಗಿದೆ. ಗೋಡೆಯ ಸ್ವಿಚ್ ಆರಿಸಿದೆ. ಏರಿಯಲ್ ತಂತಿಯನ್ನು ಬಿಚ್ಚಿ, ಸುರುಳಿ ಸುತ್ತಿ ಮೊಳೆಗೆ ಹಾಕಿದೆ. ಪೆಟ್ಟಿಗೆಯ ಮೇಲಿದ್ದ ಕಸೂತಿ ಹೊದಿಕೆಯೂ ಕಾಣೆ. ಲಕ್ಕಣ್ಣ ಹೆಗಲ ಮೇಲಿಂದ ಇಣುಕಿ, ಕಳ್ಳನ್ನ ಹಿಡಿಯಕ್ಕೆ ಬಂದಿದ್ದೀಯೋ ಬಾಡಿಗೆಗೆ ಮನೆ ನೋಡಕ್ಕೆ ಬಂದಿದ್ದೀಯೋ ಎಂದು ಕೇಳಿದ.

ಅನುಮಾನ ಯಾರ ಮೇಲೆ ಎಂದಾಗ ಆನಂದಪ್ಪ ತಡವರಿಸಿ ಒಂದು ಹೆಸರು ಹೇಳಿದರು: ಚಿಕ್ಕಮಾರಯ್ಯ. ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುವುದು ಅವನ ಕೆಲಸ. ವಯಸ್ಸು ಅರವತ್ತರ ಮೇಲೆ. ಖಾಕಿ ಬಟ್ಟೆ ಕಂಡರೆ, ಅದು ಪೋಸ್ಟ್‌ಮ್ಯಾನಿನದಾದರೂ ಸರಿ, ಎದ್ದು ನಿಂತು "ಔದು ಸ್ವಾಮಿ" ಎನ್ನುವವನು. ಒಂದು ವಾರದಿಂದ ದಿನಾ ಸಾಯಂಕಾಲ ಆನಂದಪ್ಪನವರ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿದ್ದ.

ಕಾರಣ ಊರಿಗೇ ಗೊತ್ತಿತ್ತು. ಅವನ ಮಗಳು ಅಂಜನಮ್ಮ ಆರು ವರ್ಷದ ಹಿಂದೆ ನಾಟಕದ ಹಾರ್ಮೋನಿಯಂನವನ ಜತೆ ಹೊರಟುಹೋಗಿದ್ದಳು. ಈ ಹೊಸಲು ತುಳಿಯಬೇಡ ಎಂದು ಅಂದವನು ಇವನೇ. ಅಂದ ಮೇಲೆ ಅವಳು ತುಳಿಯಲಿಲ್ಲ. ಇವನು ಮಾತ್ರ ಆ ಹೊಸಲಿನ ಮೇಲೆಯೇ ಕೂತು ದಾರಿ ನೋಡುತ್ತಿದ್ದ. ಈಗ ಒಂದು ಕಾರ್ಡು ಬಂದಿತ್ತು, ಓದಿ ಹೇಳಿದವರು ಆನಂದಪ್ಪನವರೇ: 19ನೇ ತಾರೀಕು ಗುರುವಾರ ಸಾಯಂಕಾಲ ಆರೂವರೆಗೆ ರೇಡಿಯೋದಲ್ಲಿ ಹಾಡುತ್ತೇನೆ, ಅಪ್ಪ ಕೇಳಿಸಿಕೊಂಡರೆ ಸಾಕು. ಗುರುವಾರ ಬಂದರೆ ಸಾಕಲ್ಲ, ದಿನಾ ಯಾಕೆ ಬರ್ತೀಯ ಎಂದು ಆನಂದಪ್ಪ ಕೇಳಿದ್ದಕ್ಕೆ, ರೇಡಿಯೋಗೂ ತನ್ನ ಮುಖಪರಿಚಯ ಆಗಲಿ ಎಂದಿದ್ದನಂತೆ.

ಸೋಮವಾರ ಮಧ್ಯಾಹ್ನ 2ಕ್ಕೆ ಲಕ್ಕಣ್ಣ ಚಿಕ್ಕಮಾರಯ್ಯನನ್ನು ತೂಬಿನ ಹತ್ತಿರದಿಂದಲೇ ಕರೆದುಕೊಂಡು ಬಂದ. ಡೈರಿಯಲ್ಲಿ ದಸ್ತಗಿರಿಯ ತಾರೀಕಿನ ಜಾಗ ಖಾಲಿ ಉಳಿಯಿತು.

*

ಗುರುವಾರ, ಫೆಬ್ರವರಿ 19, ಬೆಳಿಗ್ಗೆ 10-30. ಬೈರಣ್ಣ ಜೀಪಿನಿಂದ ಇಳಿಯುವಷ್ಟರಲ್ಲಿ ಲಕ್ಕಣ್ಣ ಸೆಲ್ಯೂಟ್ ಹೊಡೆದು, ಕೇಸು ಪತ್ತೆಯಾಯಿತು ಸಾರ್ ಎಂದ. ಆರೋಪಿ ಬುಧವಾರ ಒಪ್ಪಿಕೊಂಡಿದ್ದಾನೆ, ಮಾಲನ್ನು ಕೆರೆಗೆ ಎಸೆದಿದ್ದಾನೆ. ಪಂಚರ ಸಮಕ್ಷಮ ಕೆರೆಗೆ ಜನ ಇಳಿಸಿ ಹುಡುಕಿಸಿದ್ದೂ ಆಗಿದೆ. ಒಂದು ಒಡೆದ ಮಡಕೆ, ಒಂದು ಸೈಕಲ್ ಪೆಡಲು ಸಿಕ್ಕಿವೆ. ಮಧ್ಯಾಹ್ನ ಮೂರಕ್ಕೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸುವುದೊಂದು ಬಾಕಿ.

ಬೈರಣ್ಣ ಹೇಳಿಕೆ ಓದಿದರು. ಲಕ್ಕಣ್ಣನ ಕೈಬರಹ, ಕೆಳಗೆ ಹೆಬ್ಬೆಟ್ಟು. 'ಸದರಿ ರೇಡಿಯೋವನ್ನು ಎದೆಗೆ ಅವಚಿಕೊಂಡು, ದಾರಿಯುದ್ದಕ್ಕೂ ಅದರ ಹಾಡು ಕೇಳುತ್ತ, ಕೆರೆಯ ಏರಿ ತನಕ ಹೋದೆನು.' ಆ ಸಾಲಿನ ಹತ್ತಿರ ಬೆರಳಿಟ್ಟು ಮುಕ್ತಾರ್‌ನನ್ನು ಕರೆದರು.

"ಇದನ್ನ ಓದಿದೆಯಾ?"

"ಓದಿದೆ ಸಾರ್."

"ಏನನ್ನಿಸ್ತು?"

ಮುಕ್ತಾರ್ ಲಕ್ಕಣ್ಣನ ಕಡೆ ನೋಡಲಿಲ್ಲ. "ಅದು ಕರೆಂಟ್ ಸೆಟ್ಟು ಸಾರ್. ಗೋಡೆಯಿಂದ ಕಿತ್ತರೆ ಮಾತಾಡಲ್ಲ. ಹಾಡೋದಂತೂ ದೂರ."

ಲಾಕಪ್ಪಿನ ಮೂಲೆಯಲ್ಲಿ ಚಿಕ್ಕಮಾರಯ್ಯ ನಿಂತೇ ಇದ್ದ. ಬೈರಣ್ಣ ಕೂರು ಎಂದರೆ, ಕೂತರೆ ಯಾರಾದರೂ ಬೈಯುತ್ತಾರೇನೋ ಎಂದು ಸುತ್ತ ನೋಡಿದ. ಪಾದಗಳು ಊದಿ ಹೊಳೆಯುತ್ತಿದ್ದವು. ಬೈರಣ್ಣ ಮೊದಲು ನೀರು ತರಿಸಿದರು. ಅವನು ಕುಡಿಯುವುದನ್ನು ನೋಡಿದ ಮೇಲೆ ನೀರು ಕೊಟ್ಟು ಎಷ್ಟು ಹೊತ್ತಾಯಿತು ಎಂದು ಯಾರನ್ನೂ ಕೇಳಬೇಕಾಗಲಿಲ್ಲ.

"ರೇಡಿಯೋ ನೀನು ತಗೊಂಡೆಯಾ?"

"ಔದು ಸ್ವಾಮಿ."

"ಕೆರೆಗೆ ಎಸೆದೆಯಾ?"

ಇದಕ್ಕೆ ಸ್ವಲ್ಪ ತಡವಾಯಿತು. ನೀರುಗಂಟಿ ತನ್ನ ಕೆರೆಗೆ ಒಂದು ಕಡ್ಡಿಯನ್ನೂ ಹಾಕುವವನಲ್ಲ. "ಎಸೆದೆ ಅಂತ ಲಕ್ಕಣ್ಣೋರು ಏಳಿದ್ರು. ಔದು ಸ್ವಾಮಿ."

ಬೈರಣ್ಣ ತಲೆಯ ಮೇಲೆ ಟಿಕ್ ಟಿಕ್ ಎನ್ನುತ್ತಿದ್ದ ಠಾಣೆಯ ಗಡಿಯಾರ ತೋರಿಸಿದರು. "ಈ ಗಡಿಯಾರಾನೂ ನೀನೇ ಕದ್ದೆಯಂತೆ?"

ಚಿಕ್ಕಮಾರಯ್ಯ ತಲೆ ಎತ್ತಿ ಗಡಿಯಾರ ನೋಡಿದ. ಅದು ಹನ್ನೊಂದು ಹೊಡೆಯಿತು. ಹೊಡೆದು ಮುಗಿಸುವ ತನಕ ಮರ್ಯಾದೆಯಿಂದ ಕಾದು, "ಔದು ಸ್ವಾಮಿ" ಎಂದ.

ಮುಕ್ತಾರ್ ಗೋಡೆಯ ಕಡೆ ತಿರುಗಿಕೊಂಡ. ಬೈರಣ್ಣ ಸ್ಟೂಲು ಎಳೆದು ಮುದುಕನ ಎದುರಿಗೆ ಕೂತರು. ದಾರಿಯಲ್ಲಿ ರೇಡಿಯೋ ಹಾಡಿತಂತಲ್ಲ, ಅದನ್ನೂ ಲಕ್ಕಣ್ಣನೇ ಹೇಳಿಕೊಟ್ಟನೇ ಎಂದು ಕೇಳಿದರು.

"ಇಲ್ಲ ಸ್ವಾಮಿ. ಅದೊಂದು ನಾನೇ ಏಳ್ದೆ." ಮುದುಕ ತನ್ನ ಎರಡು ಕೈಯನ್ನೂ ಎದೆಗೆ ತಂದು ಕೂಸು ಹಿಡಿದಂತೆ ಹಿಡಿದ. "ಎಂಗೆ ಒತ್ಕೊಂಡ್ ಓದೆ ಅಂತ ಕೇಳಿದ್ರು. ಇಂಗೆ ಅಂದೆ. ಇಂಗೆ ಇಡ್ಕೊಂಡ್ರೆ ಆಡದೆ ಇರ್ತಾಳಾ?"

ಉಳಿದದ್ದು ಚೂರುಚೂರಾಗಿ ಬಂತು. ಎರಡು ದಿನ ನಿಲ್ಲಿಸಿದ್ದು, ಅಂಗಾಲಿಗೆ ಲಾಠಿ. ಅದಕ್ಕೂ ಅವನು ಇಲ್ಲ ಸ್ವಾಮಿ ಎಂದೇ ಹೇಳಿದ್ದ. ಜನ್ಮದಲ್ಲಿ ಖಾಕಿಗೆ ಇಲ್ಲ ಎಂದಿದ್ದು ಅದೇ ಮೊದಲು. ಬುಧವಾರ ಬೆಳಿಗ್ಗೆ ಎಲ್ಲರೂ ಹೊರಗೆ ಹೋದರು. ಆಗ ಬೀರುವಿನ ಹಿಂದಿನಿಂದ ರೇಡಿಯೋದವನ ದನಿ ಬಂತು, ಆ ಗಾಂಭೀರ್ಯ, ಆ ಗಂಟಲು, ಎಲ್ಲ ಅದೇ: 'ಈಗ ಪುಟ್ಟೇನಹಳ್ಳಿಯ ಅಂಜನಮ್ಮ ಅವರಿಂದ ಜಾನಪದ ಗೀತೆ.' ಅಷ್ಟೇ. ಹಾಡು ಬರಲಿಲ್ಲ. ಮುದುಕ ಬೀರುವಿನ ಕಡೆ ಕೈ ಚಾಚಿ ನಿಂತ. ಆಮೇಲೆ ಲಕ್ಕಣ್ಣ ಅದರ ಹಿಂದಿನಿಂದಲೇ ಈಚೆಗೆ ಬಂದು, ಒಪ್ಪಿಕೊಂಡರೆ ಗುರುವಾರ ಪೂರ್ತಿ ಕೇಳಿಸುತ್ತೇನೆ ಎಂದ. ಹೆಬ್ಬೆಟ್ಟಿಗೆ ಮಸಿ ಹತ್ತಿದ್ದು ಆಮೇಲೆ.

"ಇವತ್ತು ಗುರುವಾರ ತಾನೆ ಸ್ವಾಮಿ?" ಎಂದು ಚಿಕ್ಕಮಾರಯ್ಯ ಕೇಳಿದ. ಮೂರು ದಿನದಲ್ಲಿ ಅವನು ಕೇಳಿದ ಒಂದೇ ಪ್ರಶ್ನೆ ಅದು.

*

ಮಧ್ಯಾಹ್ನ 12-15. ಬೈರಣ್ಣ ಮುಕ್ತಾರ್‌ನ ಪಂಚನಾಮೆ ಹಿಡಿದುಕೊಂಡು ಆನಂದಪ್ಪನವರ ಮನೆಗೆ ಹೋದರು. ಮನೆಯ ಯಜಮಾನಿ ವೆಂಕಟಲಕ್ಷ್ಮಮ್ಮ ಮಜ್ಜಿಗೆ ತಂದಿಟ್ಟರು. ಮನೆಯಲ್ಲಿ ಇರುವವರು ಗಂಡ ಹೆಂಡತಿ ಇಬ್ಬರೇ. ಆಕೆಯ ಹೇಳಿಕೆಯನ್ನು ಇದುವರೆಗೆ ಯಾರೂ ತೆಗೆದುಕೊಂಡಿರಲಿಲ್ಲ.

"ಸ್ವಿಚ್ ಯಾರಮ್ಮ ಆರಿಸಿದ್ದು?"

"ಕಳ್ಳನೇ ಇರ್ಬೇಕು."

"ತಂತಿ ಸುತ್ತಿ ಮೊಳೆಗೆ ಹಾಕಿದ್ದು?"

"ಅವನೇ."

"ಧೂಳು ಹಿಡೀಬಾರ್ದು ಅಂತ ಹೊದಿಕೆ ಸಮೇತ ಒಯ್ದಿದ್ದಾನೆ. ಇಂಥಾ ಕಳ್ಳ ನಮ್ಮನೆಗೂ ಬಂದ್ರೆ ನಮ್ಮೋಳು ಊಟ ಹಾಕಿ ಕಳಿಸ್ತಾಳೆ."

ಆಕೆ ನಗಲಿಲ್ಲ. ಶಾಕ್ ಹೊಡೆಯುತ್ತದೆಂದು ಮೊದಲು ಸ್ವಿಚ್ ಆರಿಸುವುದನ್ನು ಆಕೆಗೆ ಕಲಿಸಿದವರು ಆನಂದಪ್ಪನವರೇ. ಅವರೂ ಈಗ ಅದನ್ನೇ ನೆನೆಸಿಕೊಳ್ಳುತ್ತಿದ್ದಂತಿತ್ತು. ಬೈರಣ್ಣ ದನಿ ಏರಿಸದೆ, ಚಿಕ್ಕಮಾರಯ್ಯ ಈಗ ನಿಲ್ಲಲಾರದ ಸ್ಥಿತಿಯಲ್ಲಿದ್ದಾನೆ, ತಾನೇ ಕದ್ದೆನೆಂದು ಹೆಬ್ಬೆಟ್ಟು ಒತ್ತಿದ್ದಾನೆ ಎಂದರು. ವೆಂಕಟಲಕ್ಷ್ಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಎದ್ದು ಒಳಗೆ ಹೋದರು. ರಾಗಿ ಕಣಜದ ಮುಚ್ಚಳ ತೆಗೆದು ಮೊಳಕೈ ತನಕ ಕೈ ಹಾಕಿದರು. ಮೊದಲು ಕಸೂತಿ ಹೊದಿಕೆ ಕಂಡಿತು, ಅದರೊಳಗೆ ರೇಡಿಯೋ. ಪೊಲೀಸರು ವಶಪಡಿಸಿಕೊಂಡ ಮಾಲಿಗೆ ಮುದ್ದೆಮಾಲು ಎನ್ನುತ್ತಾರೆ. ಇಷ್ಟು ಯೋಗ್ಯವಾದ ಜಾಗದಲ್ಲಿ ಮುದ್ದೆಮಾಲು ಹಿಂದೆಂದೂ ಸಿಕ್ಕಿರಲಿಲ್ಲ.

ಆಕೆ ಗಂಡನಿಗೆ ಹೇಳಲಿಲ್ಲ, ಇನ್‌ಸ್ಪೆಕ್ಟರಿಗೆ ಹೇಳಿದರು. "ಆ ಪೆಟ್ಟಿಗೆ ಬಂದ್ಮೇಲೆ ಇವರು ನನ್ನ ಜತೆ ಆಡೋದು ಒಂದೇ ಮಾತು, ಉಪ್ಪು ಕಮ್ಮಿ ಅಂತ. ಒಂದು ದಿನ ಆಟ ಆಡ್ಸೋಣ ಅಂತ ಬಚ್ಚಿಟ್ಟೆ. ಹುಡುಕ್ತಾ ಹುಡುಕ್ತಾ ಇವರು ನನ್ನ ಜತೆ ಮಾತಾಡಿದ್ರು. ಮೂರು ದಿನ, ಬಿಡದಂಗೆ. ತೆಗೆಯೋಕೆ ಮನಸ್ಸು ಬರ್ಲಿಲ್ಲ." ಹೊದಿಕೆಗೆ ಅಂಟಿದ್ದ ರಾಗಿ ಕೊಡವಿ, "ಅವನನ್ನ ಬಿಟ್ಟುಬಿಡ್ತೀರಿ ಅಂದ್ಕೊಂಡಿದ್ದೆ" ಎಂದರು.



*

ಕಳವಿನ ಕೇಸಿಗೆ ತಪ್ಪು ತಿಳಿವಳಿಕೆ ಎಂದು ಮುಕ್ತಾಯದ ವರದಿ ಬರೆದರು. ಡಾಕ್ಟರು ಬಂದು ಪಾದ ನೋಡಿ, ಗಾಯದ ಸರ್ಟಿಫಿಕೇಟ್ ಕೊಟ್ಟರು. ಸಂಜೆ 5 ಗಂಟೆಗೆ ಬೈರಣ್ಣ ಡಿಎಸ್‌ಪಿಗೆ ಫೋನ್ ಮಾಡಿ, ರಿಸೀವರ್ ಇಟ್ಟು, ಎರಡನೇ ಎಫ್‌ಐಆರ್ ತೆಗೆದುಕೊಂಡರು. ದಂಡ ಸಂಹಿತೆ 330ನೇ ಕಲಂ, ತಪ್ಪೊಪ್ಪಿಗೆ ಹೊರಡಿಸಲು ನೋವುಂಟುಮಾಡಿದ್ದು. ಫಿರ್ಯಾದಿಯ ಜಾಗದಲ್ಲಿ ತಮ್ಮದೇ ಹೆಸರು ಬರೆದರು. ಠಾಣೆಯನ್ನು ಮೂರು ದಿನ ಯಾರ ಕೈಗೆ ಬಿಟ್ಟು ಹೋದೆ ಎನ್ನುವುದನ್ನೂ ಬರೆದರು. ಆರೋಪಿಯ ಜಾಗದಲ್ಲಿ ಲಕ್ಕಣ್ಣ. ದಸ್ತಗಿರಿ ಸಂಜೆ 5-40. ಈ ಸಲ ತಾರೀಕು, ಗಂಟೆ ಎರಡೂ ಖಾಲಿ ಉಳಿಯಲಿಲ್ಲ.

ಬೆಲ್ಟು, ಟೋಪಿ ಬಿಚ್ಚಿ ಮೇಜಿನ ಮೇಲಿಡುವಾಗ ಲಕ್ಕಣ್ಣ ಯಾರ ದನಿಯನ್ನೂ ಮಾಡಲಿಲ್ಲ. ತನ್ನ ದನಿಯಲ್ಲಿ ಮಾತಾಡಿದ. ಅದು ಇಷ್ಟು ಸಣ್ಣಗಿತ್ತೆಂದು ಅವತ್ತೇ ಎಲ್ಲರಿಗೂ ತಿಳಿದದ್ದು.

"ಹಿರಿಯೂರಿಗೆ ವರ್ಗ ಕೇಳಿ ನಾಲ್ಕು ಅರ್ಜಿ ಹಾಕಿದೀನಿ ಸಾರ್. ಈ ತಿಂಗಳು ಒಂದು ಒಳ್ಳೆ ಪತ್ತೆ ತೋರಿಸು, ನೋಡೋಣ ಅಂದಿದ್ರು ಮೇಲಿನೋರು." ಟೋಪಿಯನ್ನು ಬೆಲ್ಟಿನ ಪಕ್ಕಕ್ಕೆ ಸರಿಸಿದ. "ಅವಳ ದನಿ ಮರ್ತು ಹೋಗ್ತಾ ಇದೆ ಸಾರ್. ನಾನು ಮಾಡ್ತೀನಲ್ಲ, ಅದು ಅವಳ್ದೋ ನಾನೇ ಕಟ್ಟಿದ್ದೋ ಗೊತ್ತಾಗಲ್ಲ."

ಬೈರಣ್ಣ ಲಾಕಪ್ಪಿನ ಬಾಗಿಲು ಹಾಕಿದರು.

ಚಿಕ್ಕಮಾರಯ್ಯನನ್ನು ಮನೆಗೆ ಹೋಗು ಎಂದರೂ ಹೋಗಿರಲಿಲ್ಲ. ಬೆಂಚಿನ ತುದಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ, ಗಂಟೆ ಓದಲು ಬಾರದಿದ್ದರೂ. 6-20ಕ್ಕೆ ಬೈರಣ್ಣ ಮುಕ್ತಾರ್‌ನನ್ನು ಕರೆದು, ಮುದ್ದೆಮಾಲು ಸುಸ್ಥಿತಿಯಲ್ಲಿದೆಯೋ ಇಲ್ಲವೋ ಪರೀಕ್ಷೆ ಮಾಡಿ ಪಂಚನಾಮೆ ಬರೆಯಬೇಕು, ಪಂಚರಾಗಿ ಆನಂದಪ್ಪ ದಂಪತಿಗಳು ಬಂದಿದ್ದಾರೆ ಎಂದರು. ಮುಕ್ತಾರ್ ಏರಿಯಲ್ ತಂತಿಯನ್ನು ಕಿಟಕಿಯಿಂದಾಚೆ ಬೇವಿನ ಮರಕ್ಕೆ ಎಸೆದ. ಸ್ವಿಚ್ ಹಾಕಿದ. ಜಾಲರಿಯ ಸಂದಿನಿಂದ ನಾಲ್ಕು ರಾಗಿ ಕಾಳು ಮೇಜಿನ ಮೇಲೆ ಉದುರಿದವು. ಪೆಟ್ಟಿಗೆ ಬೆಚ್ಚಗಾಗಲು ಹೊತ್ತು ಹಿಡಿಯಿತು. ಕೊರಕೊರ ಎಂದಿತು. ವೆಂಕಟಲಕ್ಷ್ಮಮ್ಮ ಮುದುಕನ ಪಾದ ನೋಡಿ ಕಣ್ಣು ತಗ್ಗಿಸಿದರು.

ಆಮೇಲೆ ಆ ದನಿ ಬಂತು. ಆ ಗಾಂಭೀರ್ಯ, ಆ ಗಂಟಲು: "ಈಗ ಪುಟ್ಟೇನಹಳ್ಳಿಯ ಅಂಜನಮ್ಮ ಅವರಿಂದ ಜಾನಪದ ಗೀತೆ."

ಚಿಕ್ಕಮಾರಯ್ಯ ಬೆಂಚು ಹಿಡಿದುಕೊಂಡು ಎದ್ದ. ಎಲ್ಲರೂ ರೇಡಿಯೋ ಕಡೆ ನೋಡುತ್ತಿದ್ದರೆ ಅವನು ಊದಿದ ಪಾದ ಎಳೆದುಕೊಂಡು ಬೀರುವಿನ ಕಡೆ ಹೋದ. ಗೋಡೆ ಹಿಡಿದು ಹಿಂದಕ್ಕೆ ಇಣುಕಿದ. ಒಂದು ಜೇಡ, ಒಂದು ಹಳೇ ಬೂಟು. ತಿರುಗಿ ಲಾಕಪ್ಪಿನ ಕಡೆ ನೋಡಿದ. ಸರಳಿನ ಹಿಂದೆ ಲಕ್ಕಣ್ಣ, ಬಾಯಿ ಮುಚ್ಚಿಕೊಂಡು, ತಾನಲ್ಲ ಎಂದು ಎರಡು ಕೈಯನ್ನೂ ಅಲ್ಲಾಡಿಸುತ್ತಿದ್ದ.

ಮೊದಲು ನಕ್ಕವನು ಮುಕ್ತಾರ್. ಆಮೇಲೆ ಆನಂದಪ್ಪ, ಅವರನ್ನು ನೋಡಿ ಅವರ ಹೆಂಡತಿ, ಕಡೆಗೆ ಸರಳಿನ ಹಿಂದಿನವನೂ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಚಿಕ್ಕಮಾರಯ್ಯ. ಬೀರುವಿಗೆ ಹಣೆ ಒರಗಿಸಿಕೊಂಡು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಯುವಂತೆ ನಕ್ಕ. ಎಷ್ಟು ಜೋರಾಗಿ ಎಂದರೆ, ಆರು ವರ್ಷದ ಮೇಲೆ ಕೇಳಬೇಕಿದ್ದ ಮಗಳ ಹಾಡಿನ ಮೊದಲನೇ ಸಾಲು ಆ ನಗುವಿನಲ್ಲಿ ಯಾರಿಗೂ ಕೇಳಿಸಲಿಲ್ಲ.