ಎಚ್ ಒತ್ತಿದರೆ ಹೌದು

ದೇವರು ಮನುಷ್ಯನಿಗೆ ಮಾತನಾಡಲೆಂದೇ ಬಾಯಿ ಕೊಟ್ಟ. ಅದನ್ನು ಬಿಟ್ಟು ಯಂತ್ರದ ಬಾಯಲ್ಲಿ ಕೇಳಿಸಹೊರಟವನ ಕಥೆ ಇದು.

ಹಳೆಯ ಕಂಪ್ಯೂಟರ್ ರಿಪೇರಿ ಮಾಡುವ ಅವನ ಅಂಗಡಿಗೆ ಒಂದು ಬೆಳಿಗ್ಗೆ ಅವಳು ಬಂದಳು, ಇಪ್ಪತ್ತೆಂಟು ವರ್ಷದ ಮೇಲೆ. ಕಂಕುಳಲ್ಲಿ ಅಪ್ಪನ ಕಾಲದ ಪುಟ್ಟ ಕಂಪ್ಯೂಟರ್, ಕೈಯಲ್ಲೊಂದು ಕ್ಯಾಸೆಟ್.

“ಕೀಬೋರ್ಡ್ ಹೋಗಿದೆ. ಮಗಳಿಗೆ ತಾತನ ಮಿಷಿನ್ ಓಡೋದು ನೋಡ್ಬೇಕಂತೆ. ಆಗುತ್ತಾ ನಿಮ್ಮಿಂದ?”

“ಈ ಬಹುವಚನ ಯಾವಾಗ ಕಲಿತೆ, ಮೊಂಡಿ?”

ಅವಳು ನಗು ಬಿಗಿಹಿಡಿದು ಗೋಡೆ ನೋಡಿದಳು. ಕಿವಿ ಮಾತ್ರ ಕೆಂಪಾಯಿತು. “ವಯಸ್ಸಾಯ್ತಲ್ಲ, ಮರ್ಯಾದೆ ಬಂತು.”

ಅವನು ಕಂಪ್ಯೂಟರ್ ಬಿಚ್ಚಿದ. ಕೀಲಿಗಳ ಕೆಳಗಿನ ತೆಳು ಪ್ಲಾಸ್ಟಿಕ್ ಪಟ್ಟಿ ಒಂದು ಕಡೆ ಸೀಳಿತ್ತು. ಅದರ ಮೇಲಿನ ಒಂದು ವಿದ್ಯುತ್ ಗೆರೆ ಹರಿದರೆ ಐದು ಕೀಲಿ ಒಟ್ಟಿಗೇ ಸಾಯುತ್ತವೆ. ಯಾವುದೋ ಆಫೀಸಿನವರು ಎಸೆದಿದ್ದ ಕೀಬೋರ್ಡ್ ತಂದು, ನಡುವೆ ಬೆರಳಗಲದ ಅಡಾಪ್ಟರ್ ಬೆಸೆದು, ಹೊಸದರ ಯಾವ ಕೀಲಿ ಹಳೆಯದರ ಯಾವುದೆಂದು ಅದಕ್ಕೆ ಒಂದೊಂದಾಗಿ ಕಲಿಸಿದ. ಅವಳು ಅಕ್ಷರ ಹೇಳುವುದು, ಅವನು ಒತ್ತುವುದು. ಒಂದೇ ಬೆಂಚಿನಲ್ಲಿ ಕೂತು ಕಂಪ್ಯೂಟರ್ ಕಲಿತ ದಿನಗಳು ತಾವಾಗಿಯೇ ಬಂದು ಪಕ್ಕದಲ್ಲಿ ಕುಳಿತವು.

“ಯಾವಾಗ ಕೆಟ್ಟಿದ್ದು?”

“ನೀನು ಈ ಕ್ಯಾಸೆಟ್ ಕೊಟ್ಟೆಯಲ್ಲ, ಆ ಸಂಜೆಯೇ.”

ಅವನ ಕೈ ನಿಂತಿತು. ಆಗಿನ ಕಂಪ್ಯೂಟರಿಗೆ ಪ್ರೋಗ್ರಾಂ ತುಂಬುತ್ತಿದ್ದುದು ಕ್ಯಾಸೆಟ್ಟಿನಿಂದಲೇ; ಇದರಲ್ಲಿ ಅವನೇ ಬರೆದ ಪ್ರೋಗ್ರಾಂ ಇತ್ತು. ಅದು ಕೇಳುತ್ತಿದ್ದುದು ಒಂದೇ: ನನ್ನನ್ನು ಮದುವೆಯಾಗ್ತೀಯಾ? ಹೌದಾದರೆ ಎಚ್, ಇಲ್ಲವಾದರೆ ಎನ್.

“ಪ್ರಶ್ನೆ ಬರೋ ತನಕ ಸರಿಯಾಗೇ ಇತ್ತು,” ಎಂದಳು. “ಆಮೇಲೆ ಎಚ್ ಒತ್ತಿ ಒತ್ತಿ ಬೆರಳು ನೊಂದಿತೇ ಹೊರತು ಅದು ಜಪ್ಪಯ್ಯ ಅನ್ನಲಿಲ್ಲ. ಎನ್ ಒತ್ತೋಕೆ ಮನಸ್ಸು ಬರಲಿಲ್ಲ. ದೇವರಿಗೇ ಒಪ್ಪಿಗೆ ಇಲ್ಲ ಅಂದ್ಕೊಂಡು ಸುಮ್ಮನಾದೆ.”

“ಹರಿದದ್ದು ಪ್ಲಾಸ್ಟಿಕ್ಕು ಕಣೇ! ಬಂದು ಒಂದು ಮಾತು ಹೇಳಬಾರದಿತ್ತಾ?”

“ನೀನು ಬಂದು ಕೇಳಬಾರದಿತ್ತಾ?”

ಅವನು ತಲೆ ತಗ್ಗಿಸಿ, ಕಂಪ್ಯೂಟರಿಗೆ ಟೇಪ್ ರೆಕಾರ್ಡರ್ ಜೋಡಿಸಿ ಕ್ಯಾಸೆಟ್ ಹಾಕಿದ. ಅದು ಕಿರ್ರೆಂದು ಕಿರುಚಿ ಸುಮ್ಮನಾಯಿತು. ಪರದೆಯ ಮೇಲೆ ಆ ಪ್ರಶ್ನೆ ಬಂದು ನಿಂತಿತು.

“ಟೆಸ್ಟ್ ಮಾಡ್ಬೇಕಲ್ಲ,” ಎಂದು ಅವಳು ಕೈ ಚಾಚಿ, ಎಚ್ ಒತ್ತಿದಳು.

ಪರದೆಯಲ್ಲಿ ಉತ್ತರ ಮೂಡಿತು: ‘ನಾಳೆ ಐದಕ್ಕೆ ಲೈಬ್ರರಿ ಮೆಟ್ಟಿಲ ಹತ್ತಿರ ಬಾ.’

“ಕಾದಿದ್ದೆಯಾ?” ಎಂದಳು.

“ಲೈಬ್ರರಿ ಬಾಗಿಲು ಹಾಕೋವರೆಗೂ.”

ಅವಳು ಬಹಳ ಹೊತ್ತು ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿದಳು, ಸುತ್ತಿದ್ದನ್ನೇ ಮತ್ತೆ ಸುತ್ತಿದಳು. “ಮನೇಲಿ ನಮ್ಮ ಯಜಮಾನರು ಕಾಯ್ತಿರ್ತಾರೆ. ಒಳ್ಳೆಯವರು.”

“ಒಳ್ಳೆಯದೇ ಆಯ್ತು ಬಿಡು.” ಮನಸಾರೆ ಅಂದು, ಕ್ಯಾಸೆಟ್ ತೆಗೆದು ಅವಳತ್ತ ಚಾಚಿದ. “ಕ್ಯಾಸೆಟ್ ಮರೆತೆ.”

“ನೀನೇ ಇಟ್ಕೋ. ಉತ್ತರ ಕೊಟ್ಟಾಯ್ತಲ್ಲ.”

ಅವಳು ಹೋದ ಮೇಲೆ ಅವನು ಸೀಳಿದ ಪಟ್ಟಿಯನ್ನು ಬೆಳಕಿಗೆ ಹಿಡಿದ. ಕೂದಲೆಳೆಯಷ್ಟು ಬಿರುಕು. ಇಪ್ಪತ್ತೆಂಟು ವರ್ಷ ಅದರಲ್ಲೇ ಸೋರಿಹೋಗಿತ್ತು.

“ನಿನ್ನ ತಪ್ಪಲ್ಲ ಕಣಪ್ಪ,” ಎಂದ, ಮೇಲೆ ನೋಡಿ. “ನೀನು ಬಾಯಿ ಕೊಟ್ಟಿದ್ದೆ.”