ನಾರಾಳ ಹಣೆಯ ಬೊಟ್ಟು

"ಅಯ್ಯೋ ಅಜ್ಜೀ! ಇದೇನ್ ಮಾಡ್ಬುಟ್ಟೆ?"

ರಾಣಿ ಕೂಗಿದ ಕೂಗಿಗೆ ಮಂಚಮ್ಮಜ್ಜಿಯ ಕೈಯಲ್ಲಿದ್ದ ಕುಂಕುಮದ ಬಟ್ಟಲು ಅಲುಗಿತು. ಅವತ್ತು ಆಯುಧಪೂಜೆ. ಕುಡುಗೋಲಿಗೆ, ಪಂಪ್‌ಸೆಟ್ಟಿನ ಸ್ಟಾರ್ಟರಿಗೆ, ಅಪ್ಪನ ಬೈಕಿಗೆ ಬೊಟ್ಟಿಟ್ಟು ಮುಗಿಸಿ, ಅಜ್ಜಿ ರಾಣಿಯ ಪುಸ್ತಕಗಳಿಗೂ ಇಟ್ಟಿದ್ದಳು.

ಎಲ್ಲಕ್ಕಿಂತ ಮೇಲಿದ್ದದ್ದು ಸ್ಕೂಲ್ ಲೈಬ್ರರಿಯ ಚಿತ್ರದ ಪುಸ್ತಕ. ಅದರ ರಟ್ಟಿನ ಮೇಲೆ ನಾರಾ ಎಂಬ ಹುಡುಗಿ ಒಂಟೆಯ ಪಕ್ಕ ನಿಂತಿದ್ದಳು. ಮಂಗೋಲಿಯಾದಿಂದ ರಾಣಿಯ ಊರು ಹೆಡತಲೆಯವರೆಗೂ ನಗುತ್ತಲೇ ಬಂದವಳು. ಈಗ ಅವಳ ಹುಬ್ಬುಗಳ ನಡುವೆ ದುಂಡಗೆ, ಕೆಂಪಗೆ ಒಂದು ಬೊಟ್ಟು!

"ಎಣ್ಮಗ ಬರೀ ಅಣೇಲಿ ನಿಂತಿತ್ತು ಕಣವ್ವ. ನೋಡಕಾಗ್ನಿಲ್ಲ," ಅಂದಳು ಅಜ್ಜಿ.

"ಅದು ನಂದಲ್ಲ, ಲೈಬ್ರರೀದು! ನಿಂಗೇನೂ ಗೊತ್ತಾಗಲ್ಲ, ಓಗಜ್ಜಿ!"

ಅಜ್ಜಿ ಬಟ್ಟಲಿಗೆ ಮುಚ್ಚಳ ಹಾಕಿ ಒಳಗೆ ಹೋದಳು.

ರಾಣಿ ಒದ್ದೆ ಬಟ್ಟೆ ತಂದು ಮೆಲ್ಲಗೆ ಒರೆಸಿದಳು. ಬೊಟ್ಟು ಹೋಗುವ ಬದಲು ಹರಡಿತು. ನಾರಾಳ ಮೂಗೂ ಕೆಂಪಾಯಿತು, ನೆಗಡಿಯಾದವಳ ಹಾಗೆ.

ನಂಜನಗೂಡಿನಿಂದ ಬಸ್ಸಿನಲ್ಲಿ ಬರುವ ಸಿಂಧು ಮಿಸ್ ಹೇಳಿದ್ದು ನೆನಪಾಯಿತು. "ಪುಸ್ತಕ ಗಲೀಜಾದ್ರೆ ಈ ವರ್ಷ ಇನ್ನೊಂದು ಪುಸ್ತಕ ಇಲ್ಲ." ಲೈಬ್ರರಿಯ ಬೀರುವಿನಲ್ಲಿ ಇನ್ನೂ ಒಂಬತ್ತು ದೇಶಗಳ ಕತೆಪುಸ್ತಕ ಬಾಕಿ ಇದ್ದವು. ಹಿಮದ ಮನೆಯ ಪುಸ್ತಕಕ್ಕೆ ರಾಣಿ ಆಗಲೇ ಹೆಸರು ಬರೆಸಿದ್ದಳು.

ಪೂಜೆಗಿಟ್ಟ ಪುಸ್ತಕವನ್ನು ಮಾರನೇ ದಿನದವರೆಗೆ ತೆರೆಯಬಾರದು. ಆಮೇಲೂ ರಾಣಿಗೆ ತೆರೆಯುವ ಮನಸ್ಸಾಗಲಿಲ್ಲ. ನಾರಾ ದೂರದ ಪ್ರಯಾಣಕ್ಕೆ ಸಿದ್ಧವಾಗುವಲ್ಲಿಗೆ ಕತೆ ನಿಂತೇ ಇತ್ತು.

ರಜೆ ಮುಗಿದ ದಿನ ರಾಣಿ ಪುಸ್ತಕವನ್ನು ಎದೆಗೆ ಅವಚಿಕೊಂಡು ಕ್ಲಾಸಿನಲ್ಲಿ ಕೂತಳು. ಪಕ್ಕದ ಮಹೇಂದ್ರ ಬಗ್ಗಿ ನೋಡಿಯೇಬಿಟ್ಟ.

"ಮಿಸ್, ರಾಣಿ ಬುಕ್ಕಿಗೆ ಮೇಕಪ್ ಮಾಡವ್ಳೆ!"

ಸಿಂಧು ಮಿಸ್ ಪುಸ್ತಕ ತೆಗೆದುಕೊಂಡು ನೋಡಿದರು. "ಯಾರು ಮಾಡಿದ್ದು ಇದು?"

'ಅಜ್ಜಿ' ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಟ್ಟಲಿಗೆ ಮುಚ್ಚಳ ಹಾಕಿದ ಆ ಕೈ ನೆನಪಾಯಿತು.

"ಒರೆಸಕ್ಕೋಗಿ ನಾನೇ ಹಾಳ್ ಮಾಡ್ದೆ ಮಿಸ್."

"ಓದಾದ್ರೂ ಓದಿದೀಯಾ?"

"ಅರ್ಧ."

"ಮಿಕ್ಕಿದ್ದನ್ನ ಒಂದನೇ ಕ್ಲಾಸಿನವರಿಗೆ ಓದಿ ಹೇಳು. ಆಮೇಲೆ ನೋಡೋಣ."

ಚಿಕ್ಕ ಮಕ್ಕಳು ಸುತ್ತ ಕೂತರು. ರಾಣಿ ಪುಟ ತಿರುಗಿಸಿದಳು. ದುಂಡನೆಯ ಬಿಳಿ ಗುಡಾರ. ಬಾಗಿಲಲ್ಲಿ ನಾರಾ. ಅವಳ ಮುಂದೆ ಸುಕ್ಕು ಮುಖದ ಅಜ್ಜಿ, ಬೆರಳ ತುದಿಯಲ್ಲಿ ಒಲೆಯ ಮಸಿ.

"ಕತ್ತಲಲ್ಲಿ ಕೆಟ್ಟದ್ದೇನೂ ಮಗುವಿನ ಹತ್ತಿರ ಸುಳಿಯದಿರಲಿ ಎಂದು ಅಜ್ಜಿ ನಾರಾಳ ಹಣೆಗೆ..."

ರಾಣಿಯ ಓದು ಅಲ್ಲೇ ನಿಂತಿತು.

"ದೃಷ್ಟಿ ಬೊಟ್ಟು!" ಮುಂದೆ ಕೂತಿದ್ದ ಪುಟ್ಟಲಕ್ಷ್ಮಿ ಕೂಗಿದಳು. "ನಂಗೂ ನಮ್ಮವ್ವ ಇಡ್ತದೆ!"

ಬೆಲ್ ಆಯಿತು. ಮಿಸ್ ಪೆನ್ನು ಹಿಡಿದು ಪುಸ್ತಕದ ಪಟ್ಟಿ ನೋಡುತ್ತಿದ್ದರು. ರಾಣಿ ಹತ್ತಿರ ಹೋದಳು.

"ಮಿಸ್, ಹಿಮದ ಮನೆ ಪುಸ್ತಕ ಕೊಡದಿದ್ರೂ ಪರ್ವಾಗಿಲ್ಲ. ಇದನ್ನೇ ಇನ್ನೊಂದಿನ ಕೊಡಿ. ನಮ್ಮಜ್ಜಿಗೆ ಒಂದು ಪೇಜ್ ತೋರಿಸ್ಬೇಕು."

ಮಿಸ್ ಅವಳನ್ನೇ ನೋಡಿದರು. ಆಮೇಲೆ ಪಟ್ಟಿಯಲ್ಲಿ ರಾಣಿಯ ಹೆಸರನ್ನು ಹೊಡೆದುಹಾಕದೆ ಪೆನ್ನಿಗೆ ಕ್ಯಾಪ್ ಹಾಕಿದರು. "ನಾಳೆ ವಾಪಸ್ ತರೋದು ಮರೀಬೇಡ."

ಸಂಜೆ ಅಜ್ಜಿ ಜಗಲಿಯಲ್ಲಿ ಕಡ್ಲೆಕಾಯಿ ಬಿಡಿಸುತ್ತಿದ್ದಳು. ರಾಣಿ ಪುಸ್ತಕವನ್ನು ಮುಂದೆ ಹಿಡಿದ ಕೂಡಲೇ ಕೈ ಹಿಂದಕ್ಕೆಳೆದುಕೊಂಡಳು.

"ನಾ ಮುಟ್ಟಕಿಲ್ಲ ಕಣವ್ವ."

"ಮುಟ್ಟಜ್ಜಿ. ಇಲ್ನೋಡು."

ಅಜ್ಜಿ ಸೆರಗಿಗೆ ಕೈ ಒರೆಸಿಕೊಂಡು, ಪುಟವನ್ನು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದಳು.

"ಓಹೋ! ಈ ಮಗೀಗೂ ಅದರಜ್ಜಿ ಅವ್ಳೆ. ನಾ ಸುಮ್ಕೆ ನಡ್ವೆ ಕೈ ಆಕ್ದೆ."

ರಾಣಿ ಪುಸ್ತಕ ಮುಚ್ಚಿದಳು. ರಟ್ಟಿನ ಮೇಲೆ ನಾರಾ, ಅದೇ ಕೆಂಪು ಮೂಗು ಹೊತ್ತು ನಗುತ್ತಿದ್ದಳು.

"ಇರ್ಲಿ ಬುಡಜ್ಜಿ," ಅಂದಳು ರಾಣಿ. "ಅವಳಿಗೆ ಇಬ್ರು ಅಜ್ಜೀರು."